ಪಟ್ಟಿಯಲ್ಲಿಲ್ಲದ ಟ್ಯಾಂಕ್ ಆಟ

ನನ್ನ ಕೈಯಲ್ಲಿರುವ ಈ ಹಳದಿ ಡಬ್ಬಿಯನ್ನು ಸಭೆಯಲ್ಲಿ ಮೂವತ್ತೈದು ದಾಟಿದವರು ಆ ಕೊನೆಯ ಸಾಲಿನಲ್ಲಿ ಕೂತೇ ಗುರುತಿಸಿರುತ್ತೀರಿ. ವಿಡಿಯೋ ಗೇಮ್ ಕ್ಯಾಸೆಟ್. ಒಳಗೆ ಟೇಪಿಲ್ಲ, ತಿರುಗುವ ಚಕ್ರವಿಲ್ಲ; ಇರುವುದು ಅಂಗೈಗಿಂತ ಚಿಕ್ಕದೊಂದು ಸರ್ಕ್ಯೂಟ್ ಬೋರ್ಡು. ಬೇರೆ ದೇಶದವರು ಕಾರ್ಟ್ರಿಡ್ಜ್ ಅನ್ನುತ್ತಾರೆ. ಮಂಡ್ಯದ ನಮ್ಮ ಬೀದಿಯಲ್ಲಿ ಕ್ಯಾಸೆಟ್ ಅಂದೆವು, ನಾನು ಇವತ್ತಿಗೂ ಹಾಗೇ ಅನ್ನುವುದು.

ಇನ್ನೊಂದು ಕೈಯಲ್ಲಿರುವ ಬೂದು ಬಣ್ಣದ್ದು ಜಪಾನಿನ ನಿಂಟೆಂಡೊ ಕಂಪನಿಯ 'ನಿಂಟೆಂಡೊ 64' ಎಂಬ ಆಟದ ಯಂತ್ರದ ಕ್ಯಾಸೆಟ್. ಇದರ ಮೇಲೆ ಆಟದ ಹೆಸರಿದೆ, ಕಂಪನಿಯ ಹೆಸರಿದೆ, ಗುರುತಿನ ಸಂಖ್ಯೆ ಇದೆ. ಬಿಚ್ಚಿ ನೋಡಿದರೆ ಒಳಗಿನ ಬೋರ್ಡಿನ ಮೇಲೂ ಕಂಪನಿಯ ಹೆಸರು ಅಚ್ಚಾಗಿದೆ. ಹಳದಿಯದರ ಮೇಲೆ ಅರ್ಧ ಹರಿದ ಚಿತ್ರ ಬಿಟ್ಟರೆ ಏನೂ ಇಲ್ಲ. ಒಂದಕ್ಕೆ ಪೂರ್ತಿ ಜಾತಕವಿದೆ, ಇನ್ನೊಂದಕ್ಕೆ ಹುಟ್ಟಿದ ವರ್ಷವೂ ಇಲ್ಲ. ಮೊದಲು ಜಾತಕವಿರುವುದರ ಕಥೆ ಹೇಳುತ್ತೇನೆ, ಹಳದಿಗೆ ಆಮೇಲೆ ಬರುತ್ತೇನೆ. ನಾನು ಅದಕ್ಕೆ ಬಂದದ್ದೂ ಅದೇ ದಾರಿಯಲ್ಲಿ.

ಶಾಲೆಯಲ್ಲಿ ಗಣಿತ ಹೇಳಿಕೊಡುವವಳು ನಾನು. ಒಂಬತ್ತು ವರ್ಷದಿಂದ ಬಿಡುವಿನ ವೇಳೆಯಲ್ಲಿ, ಯುರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ ನಿಂಟೆಂಡೊ 64ಕ್ಕೆಂದು ಬಂದ ಪ್ರತಿಯೊಂದು ಆಟದ ಕ್ಯಾಸೆಟ್ಟನ್ನೂ ಕೂಡಿಸುತ್ತಿದ್ದೇನೆ. ಒಳ್ಳೆಯದು, ಕೆಟ್ಟದ್ದು, ಯಾರೂ ಆಡದೆ ಬಿಟ್ಟದ್ದು, ಎಲ್ಲವೂ. ಆ ಪಟ್ಟಿಯಲ್ಲಿ 240ಕ್ಕೆ ಸ್ವಲ್ಪ ಮೇಲಿವೆ. ನನ್ನ ಹತ್ತಿರ ಈಗ 187 ಇವೆ. ಶುರುವಾದದ್ದು ಸೋದರತ್ತೆಯ ಮಗನಿಂದ. ಲೆಸ್ಟರ್‌ನಲ್ಲಿರುವ ಅವನು ಒಂದು ದಸರಾಕ್ಕೆ ಮೈಸೂರಿಗೆ ಬಂದಾಗ ತನ್ನ ಹಳೆಯ ಯಂತ್ರವನ್ನೂ ಹನ್ನೊಂದು ಕ್ಯಾಸೆಟ್ಟನ್ನೂ ತಂದು, "ನಮ್ಮನೇಲಿ ಇಡೋಕೆ ಜಾಗ ಇಲ್ಲ ಕಣೇ, ನೀನೇ ಇಟ್ಕೊ" ಅಂದ. ನಮ್ಮ ಟೀವಿಗೂ ಬ್ರಿಟನ್ನಿನ ಟೀವಿಗೂ ಚಿತ್ರದ ಪದ್ಧತಿ ಒಂದೇ, ಪಾಲ್. ಸೆಕೆಂಡಿಗೆ 50 ಸಲ ಚಿತ್ರ ಮೂಡಿಸುವಂಥದು. ಹಾಗಾಗಿ ತಂದು ಸಿಕ್ಕಿಸಿದ ಕೂಡಲೇ ಚಿತ್ರ ಬಂತು. ಅಮೆರಿಕದ್ದಾಗಿದ್ದರೆ ಆ ಹಳೆಯ ಡಬ್ಬಿ ಟೀವಿಯಲ್ಲಿ ಬಣ್ಣವಿಲ್ಲದೆ ಓಡಾಡುತ್ತಿತ್ತೇನೋ. ನನ್ನ ಪಟ್ಟಿ ಯುರೋಪಿನದ್ದಾದದ್ದು ಹೀಗೆ.

ಇಂಥ ಕೆಲಸಕ್ಕೆ ಈ ಯಂತ್ರ ಒದಗಿಬರುವುದಕ್ಕೆ ಒಂದು ಕಾರಣವಿದೆ. 1996ರ ಜೂನ್‌ನಲ್ಲಿ ಜಪಾನಿನಲ್ಲಿ ಇದು ಬಂದಾಗ ಎದುರಾಳಿ ಸೋನಿಯ ಪ್ಲೇಸ್ಟೇಷನ್ ಸೀಡಿಗೆ ಹೋಗಿಯಾಗಿತ್ತು. ಸೀಡಿ ಒತ್ತುವುದು ಅಗ್ಗ, ಅದರಲ್ಲಿ 650 ಎಂಬಿ ಹಿಡಿಯುತ್ತದೆ. ನಿಂಟೆಂಡೊ ಮಾತ್ರ ಕ್ಯಾಸೆಟ್ಟಿಗೇ ಅಂಟಿಕೊಂಡಿತು. ತಯಾರಿಸಲು ದುಬಾರಿ, ತೀರಾ ದೊಡ್ಡದರಲ್ಲೂ 64 ಎಂಬಿ. ಆಟ ಮಾಡುವ ಕಂಪನಿಗಳು ಲೆಕ್ಕ ಹಾಕಿ ಒಂದೊಂದಾಗಿ ಆಚೆಗೆ ಹೋದವು. ಪ್ಲೇಸ್ಟೇಷನ್ನಿಗೆ ಸಾವಿರಗಟ್ಟಲೆ ಆಟಗಳು ಬಂದರೆ, ನಿಂಟೆಂಡೊ 64ಕ್ಕೆ ಇಡೀ ಲೋಕದಲ್ಲಿ ಸೇರಿ ಬಂದದ್ದು 388. ಆ ಕಂಪನಿಗೆ ಅದು ದೊಡ್ಡ ಪೆಟ್ಟು. ಸಂಗ್ರಹ ಮಾಡುವವರಿಗೆ ಅದೇ ಒಂದು ಜನ್ಮದಲ್ಲಿ ಮುಗಿಸಬಹುದಾದ ಸಂಖ್ಯೆ. ಇನ್ನೂ ಚಿಕ್ಕದು ಬೇಕೆಂದರೆ ಅದೇ ಕಂಪನಿಯ ವರ್ಚುವಲ್ ಬಾಯ್ ಇದೆ. ಕಣ್ಣಿಗೆ ಆನಿಸಿಕೊಂಡು ನೋಡುವ, ಕೆಂಪು ಬಣ್ಣ ಮಾತ್ರ ಕಾಣುವ ಯಂತ್ರ. 1995ರಲ್ಲಿ ಬಂತು, ವರ್ಷ ತುಂಬುವುದರೊಳಗೆ ಹೋಯಿತು. ಜಪಾನಿನಲ್ಲಿ 19, ಅಮೆರಿಕದಲ್ಲಿ 14, ಎರಡು ಕಡೆಯೂ ಬಂದವನ್ನು ಒಂದೇ ಸಲ ಎಣಿಸಿದರೆ ಒಟ್ಟು 22 ಆಟ. ಈ ಮೇಜಿನ ಮೇಲೆ ಇಡೀ ಸೆಟ್ ಹಿಡಿಸುತ್ತದೆ.

ಪೂರ್ತಿ ಸೆಟ್ ಎಂದರೆ ಎಷ್ಟು? ಇದು ನೀವು ಅಂದುಕೊಂಡಷ್ಟು ಸುಲಭದ ಲೆಕ್ಕವಲ್ಲ. ಮೊದಲ ವರ್ಷ ನಾನು ಕೊಂಡದ್ದಕ್ಕಿಂತ ಎಣಿಸಿದ್ದೇ ಹೆಚ್ಚು. ಒಂದು ಉದಾಹರಣೆ ನೋಡಿ. ಬ್ರಿಟನ್ನಿನಲ್ಲಿ ಅಲ್ಲಿನ ಆಟಗಾರನ ಹೆಸರಿಟ್ಟು 'ಮೈಕಲ್ ಓವೆನ್ಸ್ ಡಬ್ಲ್ಯುಎಲ್‌ಎಸ್ 2000' ಎಂಬ ಫುಟ್‌ಬಾಲ್ ಆಟ ಬಂತು. ಅದೇ ಆಟ ಜರ್ಮನಿಯಲ್ಲಿ ಅಲ್ಲಿನ ಟೀವಿ ವಾಹಿನಿಯ ಹೆಸರು ಹೊತ್ತು 'ಆರ್‌ಟಿಎಲ್ ವರ್ಲ್ಡ್ ಲೀಗ್ ಸಾಕರ್ 2000' ಆಯಿತು. ಫ್ರಾನ್ಸಿನಲ್ಲಿ 'ಟೆಲಿಫೂಟ್ ಸಾಕರ್ 2000'. ಮೂರು ಹೆಸರು, ಮೂರು ಲೇಬಲ್, ಆಟ ಒಂದೇ. ಇದನ್ನು ಒಂದೆಂದು ಎಣಿಸಬೇಕೋ ಮೂರೆಂದೋ?

ಒಂದೇ ಅಂತ ಬರೆದುಬಿಟ್ಟಿದ್ದೆ. ಆಮೇಲೆ ಅಮೆರಿಕದ ರೂಪ ನೋಡಿದೆ. ಅಲ್ಲಿ ಇದೇ ಆಟ 2000ನೇ ಇಸವಿಯಲ್ಲಿ 'ಮಿಯಾ ಹ್ಯಾಮ್ ಸಾಕರ್ 64' ಎಂದು ಬಂತು. ಮಿಯಾ ಹ್ಯಾಮ್ ಅಮೆರಿಕದ ಮಹಿಳಾ ತಂಡದ ಆಟಗಾರ್ತಿ, ಅದರ ಹಿಂದಿನ ವರ್ಷವಷ್ಟೇ ಆ ತಂಡ ವಿಶ್ವಕಪ್ ಗೆದ್ದಿತ್ತು. ಆಟದೊಳಗೆ ಮೈದಾನಕ್ಕೆ ಇಳಿಯುವವರೆಲ್ಲ ಹೆಣ್ಣುಮಕ್ಕಳು. ಒಳಗಿನ ತಂತ್ರಾಂಶ ಹೆಚ್ಚುಕಡಿಮೆ ಅದೇ, ಆಡುವವರು ಬೇರೆ. ಇದನ್ನು ಕಂಡ ದಿನ ನನ್ನ ನಿಯಮ ಗಟ್ಟಿಯಾಯಿತು: ಹೆಸರು ಮಾತ್ರ ಬೇರೆಯಾದರೆ ಲೆಕ್ಕಕ್ಕೆ ಒಂದೇ, ಆದರೂ ಪ್ರತಿ ಹೆಸರನ್ನೂ ಪಟ್ಟಿಯಲ್ಲಿ ಬರೆಯಬೇಕು. "ಫುಟ್‌ಬಾಲ್ ಆಟ, ಎಲ್ಲಾ ಒಂದೇ" ಅಂತ ತಳ್ಳಿಹಾಕಿದ್ದರೆ ಆ ಹೆಣ್ಣುಮಕ್ಕಳ ತಂಡ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ಕ್ರೀಡೆಯ ಆಟಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಯಾವ ಯಂತ್ರದ ಪೂರ್ತಿ ಸೆಟ್ ತೆಗೆದುಕೊಂಡರೂ ಅದರಲ್ಲಿ ದೊಡ್ಡ ಪಾಲು ಫುಟ್‌ಬಾಲ್, ಕುಸ್ತಿ, ಕಾರ್ ರೇಸ್. ಆಯ್ದು ಕೂಡಿಸುವವರು ಇವನ್ನು ಮುಟ್ಟುವುದಿಲ್ಲ, ಹೆಸರಾಂತ ಇಪ್ಪತ್ತು ಮೂವತ್ತು ಆಟಗಳನ್ನು ಇಟ್ಟುಕೊಂಡು ತೃಪ್ತಿಪಡುತ್ತಾರೆ. ಅದು ಅವರವರ ಇಷ್ಟ. ಆದರೆ ಹೆಸರಾಂತ ಆಟಗಳಿಗೆ ಕಾಪಾಡುವವರು ಸಾವಿರ ಜನ ಇದ್ದಾರೆ. 1997ರಲ್ಲಿ ಒಬ್ಬ ಹುಡುಗ ಹುಟ್ಟುಹಬ್ಬಕ್ಕೆ ಪಡೆದು ಮೂರು ವಾರ ಆಡಿ ಬಿಟ್ಟ ಸಾಧಾರಣ ರೇಸಿಂಗ್ ಆಟಕ್ಕೆ ಯಾರಿದ್ದಾರೆ? ಆ ಕಾಲದ ಮನೆಗಳಲ್ಲಿ ನಿಜವಾಗಿ ಏನು ಓಡುತ್ತಿತ್ತು ಎಂಬುದು ಇಂಥವುಗಳಲ್ಲಿದೆ. 1999ರಲ್ಲಿ ಬಂದ 'ಸೂಪರ್‌ಮ್ಯಾನ್' ಆಟವನ್ನು ಈ ಯಂತ್ರದ ಅತಿ ಕಳಪೆ ಆಟ ಎಂದು ಎಲ್ಲರೂ ಬೈಯುತ್ತಾರೆ. ಮಂಜು ಮುಸುಕಿದ ಊರಿನಲ್ಲಿ ಬಳೆಯಂಥ ರಿಂಗುಗಳ ನಡುವೆ ತೂರಿ ಹಾರುತ್ತಲೇ ಇರಬೇಕು, ಹೇಳಿದ ಕಡೆ ತಿರುಗುವುದೂ ಇಲ್ಲ. ನಾನು ಅದನ್ನು ಕೂತು ಆಡಿದ್ದೇನೆ. ಚೆನ್ನಾಗಿಲ್ಲ, ನಿಜ. ಅದನ್ನು ಆಡಿದ ಮೇಲೆಯೇ, ಮೂರು ಆಯಾಮದಲ್ಲಿ ಒಂದು ಊರು ಕಟ್ಟಿ ಅದರಲ್ಲಿ ಒಬ್ಬನನ್ನು ಹಾರಿಸುವುದು ಆಗ ಎಷ್ಟು ಕಷ್ಟದ ಕೆಲಸವಾಗಿತ್ತು ಎಂಬುದು ನನಗೆ ತಿಳಿದದ್ದು.

ಬೆಲೆಯ ವಿಷಯ ಎಲ್ಲರೂ ಕೇಳುತ್ತೀರಿ, ಬೇಗ ಮುಗಿಸುತ್ತೇನೆ. ಹೆಚ್ಚಿನವು ಗೊಂಚಲಿನಲ್ಲಿ ಅಗ್ಗವಾಗಿಯೇ ಸಿಗುತ್ತವೆ. ಕೊನೆಯ ಇಪ್ಪತ್ತು ಮೂವತ್ತು ಮಾತ್ರ ಕೈ ಸುಡುತ್ತವೆ. ವಿರಳವಾಗುವುದಕ್ಕೆ ಆಟದ ಗುಣ ಕಾರಣವಲ್ಲ, ಅದು ಅಂಗಡಿಯಲ್ಲಿ ಎಷ್ಟು ದಿನ ಇತ್ತು ಎಂಬುದಷ್ಟೇ ಕಾರಣ. 'ಕ್ಲೇಫೈಟರ್: ಸ್ಕಲ್ಪ್ಟರ್ಸ್ ಕಟ್' ಎಂಬುದು 1998ರಲ್ಲಿ ಅಮೆರಿಕದ ಬ್ಲಾಕ್‌ಬಸ್ಟರ್ ಬಾಡಿಗೆ ಅಂಗಡಿಗಳಿಗೆಂದೇ ಬಂತು, ಮಾರಾಟಕ್ಕೆ ಬಿಡಲೇ ಇಲ್ಲ. ಅದಕ್ಕೂ ಹಿಂದಿನ ನಿಂಟೆಂಡೊ ಯಂತ್ರವಾದ ಎನ್‌ಇಎಸ್‌ಗೆ 1987ರಲ್ಲಿ ಬಂಡಾಯ್ ಕಂಪನಿ 'ಸ್ಟೇಡಿಯಂ ಈವೆಂಟ್ಸ್' ಎಂಬ ಓಟದ ಆಟ ತಂದಿತ್ತು. ನೆಲದ ಮೇಲೆ ಹಾಸಿದ ಚಾಪೆಯ ಮೇಲೆ ನಿಜವಾಗಿ ಓಡಬೇಕು. ಅಷ್ಟರಲ್ಲಿ ಆ ಚಾಪೆಯ ಹಕ್ಕನ್ನು ನಿಂಟೆಂಡೊ ಕೊಂಡು, ಇದ್ದ ಪ್ರತಿಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿ, ಅದೇ ಆಟವನ್ನು 'ವರ್ಲ್ಡ್ ಕ್ಲಾಸ್ ಟ್ರ್ಯಾಕ್ ಮೀಟ್' ಎಂದು ಹೆಸರು ಬದಲಿಸಿ ಬಿಟ್ಟಿತು. ಹೊಸ ಹೆಸರಿನದು ಎಲ್ಲೆಂದರಲ್ಲಿ ಸಿಗುತ್ತದೆ. ಹಳೆಯ ಹೆಸರಿನ, ಮೊಹರು ಒಡೆಯದ ಒಂದು ಪ್ರತಿ 2010ರಲ್ಲಿ 41,300 ಡಾಲರಿಗೆ ಹೋಯಿತು. 2021ರ ಜುಲೈನಲ್ಲಿ 'ಸೂಪರ್ ಮಾರಿಯೊ 64'ರ ಮೊಹರಿನ ಪ್ರತಿಯೊಂದು 15 ಲಕ್ಷ ಡಾಲರಿಗೂ ಮೇಲೆ ಹರಾಜಾಯಿತು. ಒಂದು ಕೋಟಿಗೂ ಹೆಚ್ಚು ಮಾರಾಟವಾದ ಆಟ ಅದು! ಅಷ್ಟು ಕೊಟ್ಟದ್ದು ಮೇಲಿನ ಪ್ಲಾಸ್ಟಿಕ್ ಹೊದಿಕೆಗೆ. ನನ್ನ ಕಪಾಟಿನಲ್ಲಿ ಮೊಹರಿನ ಪ್ರತಿ ಒಂದೂ ಇಲ್ಲ. ಒಡೆದು, ಸಿಕ್ಕಿಸಿ, ಆಡಿ, ಓಡುತ್ತದೆಂದು ಕಂಡ ಮೇಲೆಯೇ ಪಟ್ಟಿಯಲ್ಲಿ ಗುರುತು ಹಾಕುವುದು.

ಆಡಿದ ಕ್ಯಾಸೆಟ್ ಯಾಕೆ ಮುಖ್ಯ ಎಂಬುದಕ್ಕೆ ನಡೆದದ್ದೊಂದನ್ನು ಹೇಳುತ್ತೇನೆ. ಇದು ನನ್ನಿಂದಲೇ ಆದ ತಪ್ಪು.

1998ರ ಕೊನೆಗೆ ಬಂದ 'ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್' ನನ್ನ ಕೈಗೆ ಬಂದದ್ದು ಮೂರನೇ ವರ್ಷ. ಹಾಕಿ ಸ್ವಿಚ್ ಒತ್ತಿದರೆ, ಆಟ ಉಳಿಸುವ ಮೂರು ಖಾನೆಗಳಲ್ಲಿ ಎರಡು ತುಂಬಿದ್ದವು. ಮೊದಲನೆಯದರಲ್ಲಿ 'ಆ್ಯಮಿ' ಎಂಬ ಹೆಸರು, ಎರಡು ಸಾಲು ಹೃದಯಗಳು. ಅಂದರೆ ತಿಂಗಳುಗಟ್ಟಲೆ ಆಡಿ ಕೊನೆಯ ತನಕ ಹೋದವಳು. ಎರಡನೆಯದರಲ್ಲಿ 'ಡ್ಯಾಡ್'. ಬರೀ ಮೂರು ಹೃದಯ, ಆಟ ಶುರುವಾಗುವಾಗ ಎಲ್ಲರಿಗೂ ಕೊಡುವಷ್ಟೇ. ಮಗಳು ಒಂದು ದಿನ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಾಳೆ, ಅಪ್ಪ ಸ್ವಲ್ಪ ಹೊತ್ತು ಆಡಿ ಎದ್ದುಹೋಗಿದ್ದಾನೆ. ಇಪ್ಪತ್ತು ವರ್ಷ ಅದು ಆ ಬೂದು ಡಬ್ಬಿಯೊಳಗೆ ಹಾಗೇ ಇತ್ತು.

ಅದನ್ನು ಹಿಡಿದಿಟ್ಟದ್ದು ಇಷ್ಟು ಚಿಕ್ಕ ಬ್ಯಾಟರಿ. ಸಿಆರ್ 2032, ರೂಪಾಯಿ ನಾಣ್ಯದಂಥದು, ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಅದು ಮುಗಿದರೆ ಉಳಿಸಿದ ಆಟ ಅಳಿಸಿಹೋಗುತ್ತದೆ. ಬ್ಯಾಟರಿಗೆ ಇಪ್ಪತ್ತು ವರ್ಷ ಆಗಿತ್ತು, ಬದಲಾಯಿಸೋಣ ಎಂದು ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆ ಪೇಪರ್ ಹಾಸಿ ಕೂತೆ. ಇದರ ಸ್ಕ್ರೂ ಮಾಮೂಲಿನದಲ್ಲ, ತಲೆಯ ಸುತ್ತ ಆರು ಹಲ್ಲಿನದು. 3.8 ಮಿಲಿಮೀಟರಿನ ವಿಶೇಷ ಬಿಟ್ ಬೇಕು. ತೆಗೆದೆ. ಬೆಸುಗೆ ಕಡ್ಡಿ ಕಾಯಿಸಿ ಬ್ಯಾಟರಿಯ ಒಂದು ಕಾಲು ಬಿಡಿಸಿದೆ, ಇನ್ನೊಂದು ಬಿಡಿಸಿದೆ. ಹೊಸದನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ, ನಾಲ್ಕು ಸೆಕೆಂಡಿನಲ್ಲಿ ಕೂರಿಸಿಬಿಟ್ಟರೆ ನೆನಪು ಉಳಿಯುತ್ತದೆ ಅಂತ ಅಂದುಕೊಂಡಿದ್ದೆ. ಮುಚ್ಚಿ ಹಾಕಿ ನೋಡಿದರೆ ಮೂರೂ ಖಾನೆ ಖಾಲಿ. ಅಮ್ಮ ಅಡುಗೆಮನೆಯಿಂದ "ಏನಾಯ್ತೇ, ಕೈ ಸುಟ್ಕೊಂಡ್ಯಾ?" ಅಂತ ಕೂಗಿದರು. ಹೌದೆನ್ನಬೇಕೋ ಅಲ್ಲವೆನ್ನಬೇಕೋ ತೋಚಲಿಲ್ಲ.

ಕ್ಯಾಸೆಟ್ಟಿನಲ್ಲಿರುವುದನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುವ ಸಾಧನ ಸಿಗುತ್ತದೆಂದು ಆಮೇಲೆ ತಿಳಿಯಿತು. ಮೊದಲು ನಕಲು, ಆಮೇಲೆ ಬ್ಯಾಟರಿ, ಆಮೇಲೆ ಅದನ್ನೇ ವಾಪಸ್ ಬರೆಯುವುದು. ಈಗ ಯಾವ ಕ್ಯಾಸೆಟ್ ಬಂದರೂ ಮೊದಲ ಕೆಲಸ ಅದು. ನನ್ನ ನೋಟ್‌ಬುಕ್ಕಿನಲ್ಲಿ 'ಹಿಂದಿನವರು' ಎಂದು ಒಂದು ಕಾಲಂ ಇದೆ. ಜೆಲ್ಡಾದ ಸಾಲಿನಲ್ಲಿ 'ಆ್ಯಮಿ, ಡ್ಯಾಡ್, ಉಳಿಸಲಾಗಲಿಲ್ಲ' ಎಂದು ಬರೆದಿದ್ದೇನೆ.

ಸ್ವಚ್ಛ ಮಾಡುವುದರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ನಾವೆಲ್ಲ ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದುತ್ತಿದ್ದೆವಲ್ಲ, ಅದು ಧೂಳು ತೆಗೆದದ್ದಕ್ಕಿಂತ ಎಂಜಲಿನ ತೇವ ಸೇರಿಸಿ ತಾಮ್ರದ ಹಲ್ಲುಗಳನ್ನು ಕಪ್ಪಾಗಿಸಿದ್ದೇ ಹೆಚ್ಚು. ತೆಗೆದು ಮತ್ತೆ ಸಿಕ್ಕಿಸಿದ್ದರಿಂದ ಓಡುತ್ತಿತ್ತು, ಊದಿದ್ದರಿಂದಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್, ಕಿವಿಗೆ ಹಾಕುವ ಹತ್ತಿಕಡ್ಡಿ, ಇಷ್ಟೇ ಸಾಕು. ಹತ್ತಿ ಬೆಳ್ಳಗೆ ಬರುವವರೆಗೆ ಒರೆಸುವುದು. ಕ್ಯಾಸೆಟ್ಟಿನ ರಟ್ಟಿನ ಪೆಟ್ಟಿಗೆ ಕಾಪಾಡುವುದು ಇದಕ್ಕಿಂತ ಕಷ್ಟ. ನಮ್ಮಲ್ಲಿ ಮಳೆಗಾಲದ ಬೂಷ್ಟು, ಗೆದ್ದಲು ಎರಡೂ ಇವೆ. ನಾನು ಅಜ್ಜಿಯ ದಾರಿ ಹಿಡಿದೆ. ದಸರೆಯ ಬೊಂಬೆಗಳನ್ನು ಅವರು ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ಮುಚ್ಚಳದ ಒಳಮೈಗೆ ಯಾವ ಬೊಂಬೆ ಎಷ್ಟು ಎಂಬ ಚೀಟಿ ಅಂಟಿಸುತ್ತಿದ್ದರು. ಶೆಟ್ಟಿ 1, ಶೆಟ್ಟಮ್ಮ 1, ಸಣ್ಣ ಆನೆ 4 ಅಂತ. ಒಂದು ಆನೆ ಒಡೆದ ವರ್ಷ 4 ಹೊಡೆದು 3 ಬರೆದಿದ್ದಾರೆ, ಪಕ್ಕದಲ್ಲಿ ಇಸವಿ ಹಾಕಿದ್ದಾರೆ. ಪಟ್ಟಿ ಮಾಡುವುದನ್ನು ನಾನು ಕಲಿತದ್ದು ಆ ಚೀಟಿಯಿಂದ.

ನಕಲಿ ಮಾಲಿನ ಕಾಟವೂ ಇದೆ. ದೂರದ ಮಾರಾಟಗಾರರೊಬ್ಬರಿಂದ ಎರಡು ತಿಂಗಳ ಉಳಿತಾಯ ಕೊಟ್ಟು ತರಿಸಿದ ಒಂದು ಆಟವನ್ನು ಬಿಚ್ಚಿ ನೋಡಿದರೆ ಒಳಗಿನ ಬೋರ್ಡಿನಲ್ಲಿ ಕಂಪನಿಯ ಹೆಸರೇ ಇಲ್ಲ, ಹೊಸ ಹಸಿರು ಬೋರ್ಡು. ಹಣ ವಾಪಸ್ ಬರಲಿಲ್ಲ. ಬಿಚ್ಚಿ ನೋಡದೆ ಯಾವುದನ್ನೂ ಪಟ್ಟಿಗೆ ಸೇರಿಸುವುದಿಲ್ಲ ಎಂಬುದು ಅಂದಿನಿಂದ.

ಈಗ ಹಳದಿ ಕ್ಯಾಸೆಟ್ಟಿಗೆ ಬರೋಣ.

ಮಂಡ್ಯದಲ್ಲಿ ನನಗೆ ಪರಿಚಯದ ಒಂದು ಗುಜರಿ ಅಂಗಡಿ ಇದೆ. ಹಳೆಯ ಟೀವಿ, ರಿಮೋಟು, ಚಾರ್ಜರು ಬರುವ ಜಾಗ. ನಿಂಟೆಂಡೊ 64 ಅಲ್ಲಿ ಸಿಗುವುದಿಲ್ಲ, ಗೊತ್ತು. ಆದರೂ ಊರಿಗೆ ಹೋದಾಗ ಒಮ್ಮೆ ಇಣುಕುತ್ತೇನೆ. ನಾಲ್ಕು ವರ್ಷದ ಹಿಂದೆ ಅಲ್ಲಿನ ಹಿರಿಯರು ತಕ್ಕಡಿಯ ಹಿಂದಿನಿಂದ ಒಂದು ಗೋಣಿಚೀಲ ಎಳೆದು ಸುರಿದರು. ಹಳದಿ, ಕೆಂಪು, ನೀಲಿ, ಮೂವತ್ತರ ಮೇಲೆ ಕ್ಯಾಸೆಟ್. "ಇವುನ್ನ ಯಾರವ್ವ ತಗತ್ತಾರೆ, ಪ್ಲಾಸ್ಟಿಕ್ ತೂಕಕ್ಕೆ ಹೋಯ್ತವೆ. ಬೇಕಾದ್ರೆ ಆರಿಸ್ಕೊ ಕನವ್ವ" ಅಂದರು. ನಾನು ಕೂತು ಆರಿಸುತ್ತಿದ್ದಾಗ ಅವರೂ ಬಗ್ಗಿ ನೋಡಿ, "ಆ ಟ್ಯಾಂಕಿಂದು ಐತಾ ನೋಡು. ನನ್ ಮಗ ಹಗಲೂ ರಾತ್ರಿ ಅದ್ನೇ ಆಡ್ತಿದ್ದ" ಅಂದರು.

ಟ್ಯಾಂಕ್ ಆಟ! ಇಟ್ಟಿಗೆ ಗೋಡೆಗಳ ನಡುವೆ ಪುಟ್ಟ ಟ್ಯಾಂಕ್, ಕೆಳಗೆ ನಾವು ಕಾಯಬೇಕಾದ ಹದ್ದು. ನಿಮ್ಮಲ್ಲಿ ಎಷ್ಟು ಜನ ಆಡಿದ್ದೀರಿ? ನೋಡಿ, ಅರ್ಧ ಸಭೆ ಕೈ ಎತ್ತಿದೆ. ಅದರ ಹೆಸರು 'ಬ್ಯಾಟಲ್ ಸಿಟಿ'. ಜಪಾನಿನ ನ್ಯಾಮ್ಕೊ ಕಂಪನಿ 1985ರಲ್ಲಿ ಫ್ಯಾಮಿಕಾಮ್ ಯಂತ್ರಕ್ಕೆ ತಂದದ್ದು. ಮನೆಗೆ ಬಂದು ನಾನು ಅಮೆರಿಕದ ಎನ್‌ಇಎಸ್‌ನ ಪೂರ್ತಿ ಪಟ್ಟಿ ತೆಗೆದೆ. ಇದೇ ಫ್ಯಾಮಿಕಾಮ್ ಅಲ್ಲಿ ಆ ಹೆಸರಿನಲ್ಲಿ ಮಾರಾಟವಾದದ್ದು. ಅಧಿಕೃತ ಆಟಗಳೇ 670ಕ್ಕೂ ಹೆಚ್ಚು. ತುಂಬಾ ಜನ ಪೂರ್ತಿ ಮಾಡಲು ಹೊರಡುವ ಸೆಟ್ ಅದು. ಒಂದು ತುದಿಯಿಂದ ಇನ್ನೊಂದು ತುದಿಗೆ ಓದಿದೆ. ಬ್ಯಾಟಲ್ ಸಿಟಿ ಇಲ್ಲ. ಸಿಂಹದ ಮೇಲೆ ಕೂತು ಬೆಂಕಿಯ ಬಳೆ ಹಾರುವ 'ಸರ್ಕಸ್ ಚಾರ್ಲಿ'ಯೂ ಇಲ್ಲ. ಅವು ಆ ಯಂತ್ರಕ್ಕೆ ಜಪಾನಿನಲ್ಲಿ ಮಾತ್ರ ಬಂದವು, ಅಮೆರಿಕಕ್ಕೆ ಹೋಗಲೇ ಇಲ್ಲ. ಇಡೀ ಜೀವಮಾನ ಸುರಿದು ಆ ಪಟ್ಟಿ ಮುಗಿಸಿದವನ ಕಪಾಟಿನಲ್ಲಿ ಮಂಡ್ಯದ ಗುಜರಿಯವರ ಮಗ ಆಡಿದ ಆಟ ಇರುವುದಿಲ್ಲ.

ನಮಗೆ ಅದು ಬಂದ ದಾರಿ ಬೇರೆ. 1983ರ ಫ್ಯಾಮಿಕಾಮ್ ಕ್ಯಾಸೆಟ್ಟಿಗೆ 60 ಹಲ್ಲು. ಅಮೆರಿಕದ ಎನ್‌ಇಎಸ್‌ಗೆ 72. ತೈವಾನ್, ಚೀನಾಗಳಲ್ಲಿ ಫ್ಯಾಮಿಕಾಮ್ ನೋಡಿ ನಕಲು ಮಾಡಿದ ಯಂತ್ರಗಳು 60 ಹಲ್ಲಿನವು, ಅವೇ ನಮ್ಮ ಅಂಗಡಿಗಳಿಗೆ ಬಂದವು. ಮೆನುವಿನಲ್ಲಿ '9999 ಇನ್ 1' ಎಂದಿರುತ್ತಿತ್ತು. ಎಣಿಸಿದರೆ ನಿಜವಾಗಿ ಇರುವುದು ಕೆಲವೇ ಆಟ, ಅವನ್ನೇ ಎರಡನೇ ಹಂತದಿಂದ, ಐದನೇ ಹಂತದಿಂದ ಶುರುಮಾಡಿ ಬೇರೆ ಬೇರೆ ಹೆಸರಿಟ್ಟಿರುತ್ತಿದ್ದರು. ಬಿಚ್ಚಿದರೆ ಚಿಪ್ ಕೂಡ ಕಾಣುವುದಿಲ್ಲ, ಬೋರ್ಡಿನ ನಡುವೆ ಡಾಂಬರಿನ ಹನಿ ಬಿದ್ದು ಗಟ್ಟಿಯಾದಂತೆ ಒಂದು ಕಪ್ಪು ಬೊಟ್ಟು. ಅದರ ಕೆಳಗಿದೆ ಚಿಪ್. ಹೆಸರಿಲ್ಲ, ತಾರೀಖಿಲ್ಲ. ಅನುಮತಿಯಿಲ್ಲದೆ ಮಾಡಿದ ನಕಲು ಅವು, ಅದನ್ನು ನಾನು ಸರಿಯೆನ್ನುತ್ತಿಲ್ಲ. ಆದರೆ ನಮ್ಮ ಒಂದು ತಲೆಮಾರಿನ ಬೇಸಿಗೆ ರಜೆ ಕಳೆದದ್ದು ಇವುಗಳ ಮುಂದೆ.

ಆ ಗೋಣಿಚೀಲ ಪೂರ್ತಿ ತಂದೆ. ಅಂದಿನಿಂದ ಎರಡನೇ ನೋಟ್‌ಬುಕ್ ಶುರುವಾಯಿತು. ಒಂದು ಕ್ಯಾಸೆಟ್ಟಿಗೆ ಒಂದು ಸಾಲು: ಬಣ್ಣ, ಲೇಬಲ್ಲಿನ ಚಿತ್ರ, ಬೋರ್ಡಿನ ಮೇಲೆ ಅಂಕೆಯೇನಾದರೂ ಇದ್ದರೆ ಅದು, ಮೆನುವಿನಲ್ಲಿ ಆಟಗಳು ಬರುವ ಕ್ರಮ, ಸಿಕ್ಕ ಊರು. ಮೆನುವಿನ ಕ್ರಮವೇ ಇಲ್ಲಿ ಬೆರಳಚ್ಚು. ಲೇಬಲ್ ಬೇರೆ ಬೇರೆ ಇದ್ದರೂ ಕ್ರಮ ಒಂದೇ ಇದ್ದರೆ ಒಳಗಿನ ಮಾಲು ಒಂದೇ ಕಡೆಯದು. ಇವತ್ತಿಗೆ 113 ಸಾಲು ಆಗಿವೆ. ಈ ಪಟ್ಟಿಗೆ ಕೊನೆಯ ಸಂಖ್ಯೆ ಇಲ್ಲ, ಹೀಗಾಗಿ 'ಪೂರ್ತಿ' ಎಂಬ ಮಾತೂ ಇಲ್ಲ. ನಿಂಟೆಂಡೊ 64ರ 187ಕ್ಕಿಂತ ಈ 113 ನನಗೆ ಹೆಚ್ಚು ದೊಡ್ಡ ಕೆಲಸ ಅನ್ನಿಸುತ್ತದೆ. ನಿಂಟೆಂಡೊ 64ರದ್ದನ್ನು ನಾನು ಮಾಡದಿದ್ದರೆ ಬೇರೆ ನೂರು ಜನ ಮಾಡುತ್ತಾರೆ.

ಅಧಿಕೃತವಾಗಿ ಬಂದವನ್ನೂ ನಾವು ಉಳಿಸಿಕೊಂಡಿಲ್ಲ. ಪ್ಲೇಸ್ಟೇಷನ್ 2 ಗೊತ್ತಲ್ಲ, 15 ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರ. ಬೇರೆ ದೇಶಗಳು ಅದನ್ನು ಬಿಟ್ಟು ಮುಂದೆ ಹೋದ ಮೇಲೂ ನಮ್ಮಲ್ಲಿ ಅದು ಮನೆಮನೆಯಲ್ಲಿ ಓಡುತ್ತಿತ್ತು. ಹಾಗಾಗಿ ಇಲ್ಲಿಗೆಂದೇ ಇಲ್ಲಿಯವರೇ ಮಾಡಿದ ಡಿಸ್ಕುಗಳು ಬಂದವು. ಹೈದರಾಬಾದಿನಲ್ಲಿ ತಯಾರಾದ 'ಹನುಮಾನ್: ಬಾಯ್ ವಾರಿಯರ್' 2009ರದ್ದು. 'ದೇಸಿ ಅಡ್ಡಾ: ಗೇಮ್ಸ್ ಆಫ್ ಇಂಡಿಯಾ' ನಮ್ಮ ಬೀದಿ ಆಟಗಳ ಗುಚ್ಛ. 2011ರಲ್ಲಿ 'ರಾ.ಒನ್', 2013ರಲ್ಲಿ 'ಡಾನ್ 2'. ಪ್ಲೇಸ್ಟೇಷನ್ 2ರ ಪಾಲ್ ಸೆಟ್ ಪೂರ್ತಿ ಮಾಡಲು ಹೊರಟ ಜರ್ಮನಿಯವನಿಗೋ ಆಸ್ಟ್ರೇಲಿಯಾದವನಿಗೋ ಇವಿಲ್ಲದೆ ಪಟ್ಟಿ ಮುಗಿಯುವುದಿಲ್ಲ. ಇಲ್ಲಿ ನಾವೋ ಅವನ್ನು ಹಳೇ ಪೇಪರಿನ ಜೊತೆ ಹಾಕಿದ್ದೇವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ "ಮಿಸ್, ನಮ್ಮನೇಲಿ ಹನುಮಾನ್ ಇದೆ" ಅಂತ ಖುಷಿಯಿಂದ ತಂದುಕೊಟ್ಟ. ತೆಗೆದರೆ ಹೊರಗಿನ ಡಬ್ಬಿ ಹನುಮಾನ್, ಒಳಗಿದ್ದದ್ದು ಮದುವೆಯ ವಿಡಿಯೋ ಡಿಸ್ಕು. ಮದುವೆಯದನ್ನು ಅವನಿಗೆ ವಾಪಸ್ ಕೊಟ್ಟು, ಡಬ್ಬಿಯನ್ನು ಇಟ್ಟುಕೊಂಡಿದ್ದೇನೆ. ಡಿಸ್ಕಿನ ಜಾಗ ಖಾಲಿ ಇದೆ.

ಫ್ರಾನ್ಸಿನಲ್ಲಿ 1992ರ ಕಾನೂನಿನಂತೆ ಅಲ್ಲಿ ಮಾರಾಟಕ್ಕೆ ಬರುವ ವಿಡಿಯೋ ಗೇಮ್‌ಗಳೂ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕು. ನಮ್ಮಲ್ಲಿ 1954ರ ಕಾಯ್ದೆ ಇದೆ. ಅಚ್ಚಾದ ಪ್ರತಿ ಪುಸ್ತಕವೂ ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಹೋಗಬೇಕೆನ್ನುತ್ತದೆ ಅದು. ಆಟಕ್ಕೆ ಅದರಲ್ಲಿ ಜಾಗವಿಲ್ಲ. ಜಾಗ ಮಾಡಿಕೊಡಿ ಎಂದು ಕೇಳುವುದು ದೊಡ್ಡ ಆಸೆಯೇನೂ ಅಲ್ಲ ಅಂತ ನನಗನ್ನಿಸುತ್ತದೆ.

ಮೈಸೂರಿನಲ್ಲಿ ನಿಂತು ಇದನ್ನು ಹೇಳುವಾಗ ಮುಮ್ಮಡಿ ಕೃಷ್ಣರಾಜ ಒಡೆಯರ ನೆನಪಾಗದೆ ಇರದು. ಸ್ವಲ್ಪ ಪಕ್ಕಕ್ಕೆ ಹೋಗುತ್ತಿದ್ದೇನೆ, ಇರಲಿ. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಒಂಬತ್ತು ನಿಧಿಗಳು, ಅಂದರೆ ಭಾಗಗಳು. ಕೊನೆಯದಾದ ಕೌತುಕನಿಧಿ ಆಟಗಳಿಗೆ ಮೀಸಲು. ಒಬ್ಬ ಅರಸ ದೇವರ ಧ್ಯಾನಶ್ಲೋಕಗಳ ಜೊತೆಗೆ, ಅದೇ ಗ್ರಂಥದಲ್ಲಿ, ಇಸ್ಪೀಟಿನಂಥ ಗಂಜೀಫಾ ಆಟದ ಎಲೆಗಳ ವಿವರವನ್ನೂ ಬರೆಸಿಟ್ಟ. ಅವರು ಕಲ್ಪಿಸಿದ ಚಾಮುಂಡೇಶ್ವರಿ ಗಂಜೀಫಾದಲ್ಲಿ 320 ಎಲೆ, 16 ಬಣ್ಣ, ಬಣ್ಣಕ್ಕೆ 20. ಎಲ್ಲವೂ ಕೈಯಲ್ಲಿ ಬರೆದ ಚಿತ್ರ. ಅಂಥ ಸೆಟ್ಟಿನಲ್ಲಿ ನಾಲ್ಕು ಎಲೆ ಕಳೆದರೂ ಆಟ ಹೋಯಿತು. ಎಲೆಗಳು ಚದುರಿದವು, ಆದರೆ ಯಾವ ಬಣ್ಣಕ್ಕೆ ಯಾವ ದೇವತೆ, ಎಷ್ಟು ಎಲೆ ಎಂಬುದು ಬರಹದಲ್ಲಿತ್ತು. ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರು ನಮ್ಮ ಕಾಲದಲ್ಲಿ ಈ ಕಲೆಗೆ ಮತ್ತೆ ಜೀವ ಕೊಟ್ಟರು. ಅವರ ಕೈಯ ಎಲೆಯೊಂದನ್ನು ಹತ್ತಿರದಿಂದ ನೋಡಿದಾಗ ನನಗೆ ಎದ್ದು ಕಂಡದ್ದು ಅಂಚಿನ ಗೆರೆ, ಒಂದು ಕೂದಲಿನಷ್ಟು ಸಣ್ಣದು, ಎಲ್ಲೂ ದಪ್ಪವಾಗಿಲ್ಲ.

ಮುಂದೆ ಏನು ಎಂದು ಚಿಕ್ಕವರು ಕೇಳುತ್ತೀರಿ. ಕೂಡಿಸಲು ವಸ್ತುವೇ ಇಲ್ಲವಾಗುತ್ತಿದೆ. 2023ರ ಮಾರ್ಚ್ 27ರಂದು ನಿಂಟೆಂಡೊ ತನ್ನ ವೀ ಯು ಮತ್ತು 3ಡಿಎಸ್ ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿತು. ಡಿಸ್ಕು, ಕ್ಯಾಸೆಟ್ಟಿನಲ್ಲಿ ಬರದ ಆಟಗಳನ್ನು ಅಲ್ಲಿಂದ ಮುಂದೆ ಕೊಳ್ಳುವ ಹಾಗಿಲ್ಲ. ಅದೇ ವರ್ಷ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಒಂದು ಅಧ್ಯಯನ ಹೊರತಂದಿತು. 2010ಕ್ಕೆ ಮುಂಚೆ ಅಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇವತ್ತು ಮಾರುಕಟ್ಟೆಯಲ್ಲಿ ಸಿಗುವುದಿಲ್ಲವಂತೆ. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊದ ಸ್ವಿಚ್ 2 ಯಂತ್ರದ ಹಲವು ಆಟಗಳ ಕ್ಯಾಸೆಟ್ಟಿನಲ್ಲಿ ಆಟವೇ ಇಲ್ಲ, ಬೀಗದ ಕೈ ಮಾತ್ರ ಇದೆ. ಸಿಕ್ಕಿಸಿದ ಮೇಲೆ ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು. ಆ ಸರ್ವರ್ ನಿಂತ ದಿನ ಕೈಯಲ್ಲುಳಿಯುವುದು ಪ್ಲಾಸ್ಟಿಕ್. ಇನ್ನು ಇಪ್ಪತ್ತು ವರ್ಷಕ್ಕೆ ಅದರ ಪೂರ್ತಿ ಸೆಟ್ ಮಾಡಹೊರಟವರು ಅದನ್ನು ಆಟವೆಂದು ಎಣಿಸುತ್ತಾರೋ ಇಲ್ಲವೋ, ಅವರೇ ನಿಯಮ ಮಾಡಿಕೊಳ್ಳಬೇಕು.

ನನಗೀಗ ನಿಮ್ಮಿಂದ ಬೇಕಾದದ್ದು ಒಂದೇ. ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಹಳೆಯ ಟೀವಿಯ ಸ್ಟ್ಯಾಂಡಿನ ಕೆಳಗೆ, ಬೀರುವಿನ ಮೇಲಿನ ಸೂಟ್‌ಕೇಸಿನಲ್ಲಿ ನೋಡಿ. ಹಳದಿಯೋ ಕೆಂಪೋ ಕ್ಯಾಸೆಟ್ ಸಿಕ್ಕರೆ ಲೇಬಲ್ ಹರಿದಿದ್ದರೂ ತನ್ನಿ. ಅದು ನನಗೆ ಬೇಡ, ನಿಮ್ಮ ಹತ್ತಿರವೇ ಇರಲಿ. ಒಂದು ಸಾಲು ಬರೆದುಕೊಂಡು ವಾಪಸ್ ಕೊಡುತ್ತೇನೆ. ಎರಡನೇ ನೋಟ್‌ಬುಕ್ ಆ ಮೇಜಿನ ಮೇಲಿದೆ, 114ನೇ ಸಾಲಿನ ಪುಟ ತೆರೆದಿಟ್ಟಿದ್ದೇನೆ. ತರುವ ಮುಂಚೆ ಅದನ್ನು ಊದಬೇಡಿ, ಒರೆಸುವ ಕೆಲಸ ನನಗೆ ಬಿಡಿ.